ಮಲ್ಲರ ಚರಿತ್ರಕಾರರೊಬ್ಬರು

ಕಣದಲ್ಲಿ ಗೆದ್ದ ಮಲ್ಲನ ಕೀರ್ತಿಯು ನೆರೆದ ಜನರು ಚೆದುರುವವರೆಗೆ ಮಾತ್ರ. ಅದನ್ನು ಬರೆದಿಡುವವರಿದ್ದರೆ ಮುಂದಿನ ತಲೆಮಾರಿಗೂ ಉಂಟು. ಅಮೆರಿಕದ ಅಯೋವಾ ಸಂಸ್ಥಾನದ ಪತ್ರಿಕೋದ್ಯೋಗಿಗಳಾದ ಮೈಕ್ ಚಾಪ್‌ಮನ್ನರು ಹಲವು ದಶಕಗಳ ಕಾಲ ಈ ಬರೆದಿಡುವ ಕಾರ್ಯವನ್ನು ವ್ರತದಂತೆ ನಡೆಸಿದರು.

ಆ ನಾಡಿನಲ್ಲಿ ಕುಸ್ತಿಯೆಂಬ ಒಂದೇ ಹೆಸರು ಎರಡು ಬೇರೆ ವಸ್ತುಗಳಿಗೆ ಸಲ್ಲುತ್ತಿರುವುದು. 1908ರಲ್ಲಿ ಅಯೋವಾದ ಫ್ರಾಂಕ್ ಗಾಚನು ಷಿಕಾಗೋ ನಗರದಲ್ಲಿ ಎರಡು ಗಂಟೆಗಳಿಗೂ ಮಿಕ್ಕ ಹೋರಾಟದಲ್ಲಿ ಹ್ಯಾಕೆನ್‌ಷ್ಮಿಟ್ಟನನ್ನು ಸೋಲಿಸಿ ಜಗಜ್ಜೆಟ್ಟಿಯೆನಿಸಿದಾಗ, ಹಣಕ್ಕಾಗಿ ಹೋರಾಡುವ ಮಲ್ಲನಿಗೂ ಜನರ ಗೌರವವಿದ್ದಿತು. ಕ್ರಮೇಣ ಆ ವೃತ್ತಿಕುಸ್ತಿಯು ಸೋಲುಗೆಲುವುಗಳು ಮೊದಲೇ ಗೊತ್ತಾಗಿರುವ ನಾಟಕವಾಯಿತು. ನಿಜವಾದ ವಿದ್ಯೆಯು ಶಾಲೆ ಕಾಲೇಜುಗಳಲ್ಲಿ, ಸಂಭಾವನೆಯಿಲ್ಲದ ತರುಣರ ಬೆವರಿನಲ್ಲಿ ಉಳಿದುಕೊಂಡಿತು. ಜನರ ಕಣ್ಣು ನಾಟಕದ ಮೇಲಿದ್ದುದರಿಂದ ಈ ತರುಣರ ಸಾಧನೆಯು ಮರೆಯಾಗುವ ಭಯವಿದ್ದಿತು.

ಮರೆಯಬಾರದ ಸಂಗತಿಗಳಾದರೋ ಅನೇಕವಿದ್ದವು. ಒಕ್ಲಹೋಮಾ ವಿಶ್ವವಿದ್ಯಾಲಯದ ಡ್ಯಾನ್ ಹಾಜರು 1955ರಿಂದ 1957ರವರೆಗೆ 46 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. 36ರಲ್ಲಿ ಎದುರಾಳಿಯನ್ನು ಚಿತ್ತು ಮಾಡಿದರು. ಅಯೋವಾದ ಡ್ಯಾನ್ ಗೇಬಲರು ಶಾಲೆ ಕಾಲೇಜುಗಳಲ್ಲಿ ಎಡೆಬಿಡದೆ 181 ಪಂದ್ಯಗಳನ್ನು ಗೆದ್ದು, 1970ರಲ್ಲಿ ತಮ್ಮ ಕಡೆಯ ಕಾಲೇಜು ಪಂದ್ಯವನ್ನು ಲ್ಯಾರಿ ಓವಿಂಗ್ಸರಿಗೆ ಸೋತರು. ಆ ಸೋಲಿನಿಂದ ಎದೆಗುಂದದೆ 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಎದುರಾಳಿಗಳಿಗೆ ಒಂದಂಕವನ್ನೂ ಬಿಟ್ಟುಕೊಡದೆ ಚಿನ್ನದ ಪದಕವನ್ನು ಪಡೆದರು. ಈ ಇಬ್ಬರು ಡ್ಯಾನರನ್ನು ಕುರಿತು ಚಾಪ್‌ಮನ್ನರು ಗ್ರಂಥವೊಂದನ್ನು ರಚಿಸಿದರು; ಗಾಚನ ಚರಿತ್ರೆಯನ್ನೂ ಬರೆದರು.

ಬರವಣಿಗೆಯೊಂದೇ ಸಾಲದೆಂದು ಕಂಡಿತೇನೋ, ಅವರು 1994ರಲ್ಲಿ ಈ ವಿದ್ಯೆಗಾಗಿಯೇ ‘ವಿನ್’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಮರುವರ್ಷ ಶ್ರೇಷ್ಠ ಕಾಲೇಜು ಮಲ್ಲನಿಗೆ ಹಾಜರ ಹೆಸರಿನ ಪಾರಿತೋಷಕವನ್ನು ಏರ್ಪಡಿಸಿದರು. 1998ರಲ್ಲಿ ನ್ಯೂಟನ್ ಪಟ್ಟಣದಲ್ಲಿ ಕುಸ್ತಿಯ ವಸ್ತುಸಂಗ್ರಹಾಲಯವನ್ನು ತೆರೆದರು. ಅದು ಮುಂದೆ ಗೇಬಲರ ಹುಟ್ಟೂರಾದ ವಾಟರ್ಲೂ ನಗರಕ್ಕೆ ಸಾಗಿ ಅವರ ಹೆಸರನ್ನೇ ಧರಿಸಿತು.

ಇಂತಹ ಶ್ರಮವು ವ್ಯರ್ಥವೆಂದು ಯಾರಾದರೂ ಎಣಿಸಿದ್ದರೆ, 2013ನೆಯ ವರ್ಷವು ಅವರ ಕಣ್ಣು ತೆರೆಯಿಸಿತು. ಆ ಫೆಬ್ರುವರಿಯಲ್ಲಿ ಒಲಿಂಪಿಕ್ ಸಮಿತಿಯ ಕಾರ್ಯಕಾರಿ ಮಂಡಲಿಯು 2020ರ ಕ್ರೀಡಾಕೂಟದ ಮುಖ್ಯ ಕ್ರೀಡೆಗಳಿಂದ ಕುಸ್ತಿಯನ್ನು ಕೈಬಿಡಲು ಸಲಹೆ ಮಾಡಿತು. ಪುರಾತನ ಗ್ರೀಸಿನಿಂದ ಬಂದ ವಿದ್ಯೆಗೇ ಈ ಗತಿಯೊದಗಿದಾಗ ಹಲವು ದೇಶಗಳ ಮಲ್ಲರು ಒಂದಾಗಿ ವಾದಿಸಿದರು. ಸೆಪ್ಟೆಂಬರಿನಲ್ಲಿ ಕುಸ್ತಿಗೆ ಮರಳಿ ಸ್ಥಾನ ದೊರೆಯಿತು. ತನ್ನ ಚರಿತ್ರೆಯನ್ನು ಬಲ್ಲ ವಿದ್ಯೆಯು ತನ್ನ ಪಕ್ಷವನ್ನು ತಾನೇ ಹೇಳಿಕೊಳ್ಳಬಲ್ಲುದು. ಆ ಚರಿತ್ರೆಯನ್ನು ಕೂಡಿಟ್ಟವನು ಅಖಾಡದ ಹೊರಗೆ ಕುಳಿತಿದ್ದರೂ ಮಲ್ಲರ ಬಳಗಕ್ಕೇ ಸೇರಿದವನು.