ಬೆರಗಿನ ವಯಸ್ಸು

ಆಶ್ಚರ್ಯವನ್ನು ಹೇಳುವ ಪದಗಳಿಗೆ ಕನ್ನಡದಲ್ಲಿ ಬರವಿಲ್ಲ. ಸಂಸ್ಕೃತದ ಆಶ್ಚರ್ಯವೇ ಪ್ರಾಕೃತದ ದಾರಿಯಲ್ಲಿ ಸವೆದು ಅಚ್ಚರಿಯಾಗಿ ಮನೆಮಾತಿಗೆ ಇಳಿದಿದೆ; ವಿಸ್ಮಯ, ಅದ್ಭುತ, ಕೌತುಕ, ಸೋಜಿಗಗಳು ಅದರ ಜೊತೆಗಿವೆ. ಇವುಗಳ ನಡುವೆ ದ್ರಾವಿಡ ಮೂಲದ ಬೆರಗು ಎಂಬ ಪದದ ತೂಕವೇ ಬೇರೆ. ಹಳಗನ್ನಡದಲ್ಲಿ ಇದನ್ನು ಶಕಟರೇಫದಿಂದ, ಅಂದರೆ ಈಗ ಬಳಕೆಯಿಂದ ಮರೆಯಾಗಿರುವ ‘ಱ’ ಅಕ್ಷರದಿಂದ, ಬೆಱಗು ಎಂದು ಬರೆಯುತ್ತಿದ್ದರು. ಕನ್ನಡದ ಬೇರು ತೆಲುಗಿನಲ್ಲಿ ವೇರು ಆಗುವಂತೆ ಬೆಱಗು ಅಲ್ಲಿ ವೆಱಗು ಆಗಿದೆ. ಅದರ ಪಕ್ಕದಲ್ಲೇ ಭಯವನ್ನು ಹೇಳುವ ವೆಱಪು ಎಂಬ ಪದವೂ ನಿಂತಿದೆ. ಈ ನೆರೆಹೊರೆ ಗಮನಿಸತಕ್ಕದ್ದು, ಏಕೆಂದರೆ ಮಗುವಿನ ಬೆರಗನ್ನು ಬರಿಯ ಸಂತೋಷವೆಂದು ತಿಳಿಯುವವರು ಅದರಲ್ಲಿರುವ ಅಂಜಿಕೆಯ ಪಾಲನ್ನು ಮರೆತುಬಿಡುತ್ತಾರೆ. ಗುಡುಗು ಕೇಳಿ ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡ ಮಗು ಅದೇ ಸೆರಗಿನ ಅಂಚಿನಿಂದ ಮಿಂಚನ್ನು ಇಣುಕಿ ನೋಡುತ್ತದೆ.

ಪದದ ಬಳಕೆಯಲ್ಲಿ ಇನ್ನೊಂದು ವಿಶೇಷವಿದೆ. ಆಶ್ಚರ್ಯವನ್ನು ಕನ್ನಡಿಗರು ಪಡುತ್ತಾರೆ, ಕೌತುಕವನ್ನು ತಾಳುತ್ತಾರೆ, ಆದರೆ ಬೆರಗಿನ ವಿಷಯದಲ್ಲಿ ಸಹಜವಾಗಿ ಬರುವ ಕ್ರಿಯಾಪದವೆಂದರೆ ಆಗು. ಬೆರಗಾಗುವಾಗ ನೋಡುವವರು ಬೆರಗನ್ನು ತಮ್ಮದೊಂದು ಸ್ವತ್ತಾಗಿ ಇಟ್ಟುಕೊಳ್ಳುವುದಿಲ್ಲ, ಅದೇ ಆಗಿ ನಿಲ್ಲುತ್ತಾರೆ. ಬೆರಗು ಇನ್ನೂ ಗಾಢವಾದಾಗ ನಿಬ್ಬೆರಗು, ಬೆಕ್ಕಸಬೆರಗು ಎಂಬ ರೂಪಗಳು ಒದಗುತ್ತವೆ. ಹನ್ನೆರಡನೆಯ ಶತಮಾನದ ವಚನಕಾರರು, ಮುಖ್ಯವಾಗಿ ಅಲ್ಲಮಪ್ರಭು, ಈ ಪದವನ್ನು ಮತ್ತೆ ಮತ್ತೆ ಬಳಸಿದ್ದು ಎಳೆಯರ ಮನಸ್ಸನ್ನು ಬಣ್ಣಿಸಲು ಅಲ್ಲ. ತರ್ಕವನ್ನು ಅದರ ಕೊನೆಯವರೆಗೂ ನಡೆಸಿದ ಮೇಲೆ ಮಾತು ನಿಲ್ಲುವ ಸ್ಥಳವನ್ನು ತೋರಿಸಲು.

ವಯಸ್ಸಾದವರಲ್ಲಿ ಉಳಿದಿರುವ ಬೆರಗಾಗುವ ಮನಸ್ಸನ್ನು ಸಾಮಾನ್ಯವಾಗಿ ಮುಗ್ಧತೆ ಎಂದು ಕರೆಯಲಾಗುತ್ತದೆ, ಆದರೆ ಆ ಹೆಸರು ಅಷ್ಟಾಗಿ ಹೊಂದುವುದಿಲ್ಲ. ಸಂಸ್ಕೃತದಲ್ಲಿ ಮುಗ್ಧ ಮತ್ತು ಮೂಢ ಎರಡೂ ಹುಟ್ಟಿರುವುದು ದಿಕ್ಕುಗೆಡು ಎಂಬ ಅರ್ಥದ ‘ಮುಹ್’ ಎಂಬ ಒಂದೇ ಧಾತುವಿನಿಂದ, ಮೋಹವೂ ಅದೇ ಮನೆಯದು. ಆದ್ದರಿಂದ ಮುಗ್ಧ ಎಂಬ ಹೊಗಳಿಕೆಯಲ್ಲಿ ತಿಳಿಯದವನು ಎಂಬ ಸಣ್ಣ ಕನಿಕರವೂ ಬೆರೆತಿರುತ್ತದೆ. ಬೆರಗು ತಿಳಿಯದಿರುವಿಕೆಯನ್ನು ಬೇಡುವುದಿಲ್ಲ. ಇದಕ್ಕೆ ಕರಾವಳಿಯ ಯಕ್ಷಗಾನಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಅದರ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಮುಖದ ಮೇಲೆ ಅಕ್ಕಿಹಿಟ್ಟು ಮತ್ತು ಸುಣ್ಣದ ಮಿಶ್ರಣದಿಂದ ಮುಳ್ಳುಮುಳ್ಳಾದ ಚುಟ್ಟಿ ಇಟ್ಟುಕೊಳ್ಳಲು ಚೌಕಿಯಲ್ಲಿ, ಎಂದರೆ ವೇಷ ಕಟ್ಟುವ ಬಿಡಾರದಲ್ಲಿ, ಗಂಟೆಗಟ್ಟಲೆ ಕೂರಬೇಕಾಗುತ್ತದೆ. ಊರಿನ ಹಿರಿಯರು ಚೌಕಿಯಲ್ಲಿ ಕುಳಿತು ಇದನ್ನೆಲ್ಲ ನೋಡಿರುತ್ತಾರೆ, ಕಲಾವಿದರೊಡನೆ ಎಲೆಯಡಿಕೆ ಹಂಚಿಕೊಂಡಿರುತ್ತಾರೆ, ಆ ರಾತ್ರಿಯ ಪ್ರಸಂಗ ಅವರಿಗೆ ಪದ್ಯಪದ್ಯವಾಗಿ ಗೊತ್ತಿರುತ್ತದೆ. ಆದರೂ ನಡುರಾತ್ರಿಯಲ್ಲಿ ಚೆಂಡೆಯ ಪೆಟ್ಟಿಗೆ ತೆರೆಯ ಹಿಂದಿನಿಂದ ಆ ಕಿರೀಟ ಮೇಲೇಳುವಾಗ ಮಡಿಲಿನ ಮೊಮ್ಮಗುವಿನ ಜೊತೆಗೆ ಅವರ ಬೆನ್ನೂ ನೆಟ್ಟಗಾಗುತ್ತದೆ. ಮೊಮ್ಮಗು ರಾಕ್ಷಸನನ್ನು ಕಾಣುತ್ತದೆ. ಅಜ್ಜ ರಾಕ್ಷಸನನ್ನೂ ಅವನನ್ನು ಕಟ್ಟಿದ ಕೈಗಳನ್ನೂ ಒಟ್ಟಿಗೆ ಕಾಣುತ್ತಾನೆ, ಹೀಗಾಗಿ ಇಬ್ಬರಲ್ಲಿ ಅಜ್ಜನ ಬೆರಗೇ ದೊಡ್ಡದೆಂದು ಹೇಳಬೇಕಾಗುತ್ತದೆ.

ಅಲಂಕಾರಶಾಸ್ತ್ರವೂ ಇದೇ ದಿಕ್ಕಿಗೆ ಕೈ ತೋರುತ್ತದೆ. ನಾಟ್ಯಶಾಸ್ತ್ರದ ಪ್ರಕಾರ ವಿಸ್ಮಯವು ಅದ್ಭುತ ರಸದ ಸ್ಥಾಯಿಭಾವ, ಅಂದರೆ ಆ ರಸಕ್ಕೆ ಆಧಾರವಾಗಿ ಮನಸ್ಸಿನಲ್ಲಿ ನೆಲೆನಿಂತಿರುವ ಭಾವ. ಸಾಹಿತ್ಯದರ್ಪಣದ ಕರ್ತೃ ವಿಶ್ವನಾಥನು ತನ್ನ ಪೂರ್ವಜ ನಾರಾಯಣನ ಅಭಿಪ್ರಾಯವೊಂದನ್ನು ದಾಖಲಿಸಿದ್ದಾನೆ: ಎಲ್ಲ ರಸಗಳ ಸಾರವೂ ಚಮತ್ಕಾರ, ಎಂದರೆ ಮನಸ್ಸು ಅರಳುವಿಕೆಯೇ ಆದ್ದರಿಂದ ಅದ್ಭುತವೊಂದೇ ರಸ. ಇಂದಿನ ಕನ್ನಡದಲ್ಲಿ ಚಮತ್ಕಾರವೆಂದರೆ ಕೈಚಳಕ. ದೋಸೆಯೂ ಅದ್ಭುತ, ಮೊಬೈಲೂ ಅದ್ಭುತ. ಇಷ್ಟು ಸವೆತಕ್ಕೆ ಬೆರಗು ಇನ್ನೂ ಒಳಗಾಗಿಲ್ಲ. ದೋಸೆ ತಿಂದು ಬೆರಗಾದೆನೆಂದು ಯಾರೂ ಸುಲಭವಾಗಿ ಹೇಳುವುದಿಲ್ಲ ಎಂಬುದು ನೆಮ್ಮದಿಯ ಸಂಗತಿ.

ಈ ಪದವು ಒಂದು ಇಡೀ ಬಾಳಿನಲ್ಲಿ ಹೇಗೆ ನಡೆಯಬಲ್ಲದೆಂದು ತಿಳಿಯಬಯಸುವವರು ಶಿವರಾಮ ಕಾರಂತರ ಬರವಣಿಗೆಯನ್ನು ಕಾದಂಬರಿಗಳ ಆಚೆಗೂ ನೋಡಬೇಕು. 1902ರಲ್ಲಿ ಕೋಟದಲ್ಲಿ ಹುಟ್ಟಿದ ಅವರು 1930ರ ದಶಕದಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ ಬಾಲಪ್ರಪಂಚವನ್ನು ಸಿದ್ಧಪಡಿಸಿದರು, ಎರಡು ದಶಕಗಳ ಬಳಿಕ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ವಿಜ್ಞಾನ ಪ್ರಪಂಚಕ್ಕೆ ಕೈಹಾಕಿದರು. ತೊಂಬತ್ತನ್ನು ದಾಟಿದ ಮೇಲೆ, ಹೊಸದಾಗಿ ಏನನ್ನೂ ಸಾಧಿಸಿ ತೋರಿಸಬೇಕಾಗಿಲ್ಲದ ವಯಸ್ಸಿನಲ್ಲಿ, ಅವರು ಮತ್ತೆ ಬರೆಯಲು ಕುಳಿತದ್ದು ಹಕ್ಕಿಗಳನ್ನು ಕುರಿತು.