ತಾಳ ತಪ್ಪಿದ ನಾಡಿ

ಮುಂಗೈ ಹಿಡಿದು ನಾಡಿ ನೋಡುವ ಕ್ರಮವು ಚರಕ, ಸುಶ್ರುತರ ಸಂಹಿತೆಗಳಲ್ಲಿ ವಿಸ್ತಾರವಾಗಿ ಕಾಣುವುದಿಲ್ಲ. ಅದನ್ನು ಲಕ್ಷಣಸಹಿತವಾಗಿ ನಿರೂಪಿಸಿದ ಪ್ರಾಚೀನ ಗ್ರಂಥಗಳಲ್ಲಿ ಶಾರ್ಙ್ಗಧರಸಂಹಿತೆ ಪ್ರಮುಖವಾದುದು. ವಾತದ ನಾಡಿಗೆ ಜಿಗಣೆ, ಹಾವುಗಳ ನಡೆಯನ್ನೂ, ಪಿತ್ತದ ನಾಡಿಗೆ ಕಾಗೆ, ಕಪ್ಪೆಗಳ ನಡೆಯನ್ನೂ, ಕಫದ ನಾಡಿಗೆ ಹಂಸ, ಪಾರಿವಾಳಗಳ ನಡೆಯನ್ನೂ ಶಾರ್ಙ್ಗಧರನು ಹೋಲಿಸುತ್ತಾನೆ. ನಡುನಡುವೆ ನಿಲ್ಲುವ ನಾಡಿಯನ್ನಾದರೋ ಮರಣಸೂಚಕವೆಂದೇ ಎಣಿಸುತ್ತಾನೆ.

ಬಡಿತ ತಪ್ಪಿದೆ ಎಂಬುದನ್ನು ಬೆರಳು ಅರಿಯಬಲ್ಲದು. ಏಕೆ ತಪ್ಪಿತು ಎಂಬುದನ್ನು ಅರಿಯಲಾರದು. ಆ ಕಾರಣದ ಶೋಧ ಫಲಿಸಿದ್ದು 20ನೆಯ ಶತಮಾನದ ಆರಂಭದಲ್ಲಿ. ಜರ್ಮನಿಯ ಮಾರ್ಬುರ್ಗಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಜಪಾನಿನ ಸುನಾವೊ ತವಾರ, 1906ರಲ್ಲಿ ಹೃತ್ಕರ್ಣದಿಂದ ಹೃತ್ಕುಕ್ಷಿಗೆ ವಿದ್ಯುತ್ ಪ್ರಚೋದನೆ ಸಾಗುವ ಹಾದಿಯನ್ನೂ ಅದರ ಗಂಟನ್ನೂ ವಿವರಿಸಿದರು. 1907ರಲ್ಲಿ ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್, ಬಡಿತ ಹುಟ್ಟುವ ಗಂಟನ್ನು ಬಲ ಹೃತ್ಕರ್ಣದಲ್ಲಿ ಗುರುತಿಸಿದರು. ಅದೇ ದಶಕದಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ವಿಲ್ಲೆಮ್ ಐಂತೋವನ್ ತಂತಿಯ ಗ್ಯಾಲ್ವನೋಮೀಟರಿನಿಂದ ಹೃದಯದ ವಿದ್ಯುತ್ತನ್ನು ರೇಖೆಗಿಳಿಸಿದರು. 1924ರ ನೊಬೆಲ್ ಪುರಸ್ಕಾರ ಅವರಿಗೆ ಸಂದಿತು.

ಬೆರಳಿಗೆ ಒಂದೇ ದೋಷವೆಂದು ತೋರುತ್ತಿದ್ದುದು ರೇಖೆಯಲ್ಲಿ ಹಲವಾಗಿ ಬೇರ್ಪಟ್ಟಿತು. ಮೂಲಗಂಟನ್ನು ಬಿಟ್ಟು ಬೇರೆಡೆ ಹುಟ್ಟುವ ಅಕಾಲದ ಬಡಿತ ಒಂದು ಬಗೆ. ಆರೋಗ್ಯವಂತರಲ್ಲಿ ಅದು ಬಹುಮಟ್ಟಿಗೆ ನಿರಪಾಯಕರ. ಹಾದಿ ಕಡಿದು ನಾಡಿ ನಿಧಾನವಾಗುವುದು ಇನ್ನೊಂದು. ಹೃತ್ಕರ್ಣವು ಕ್ರಮಗೆಟ್ಟು ಅದುರುವುದು ಮತ್ತೊಂದು. ಕವಾಟದ ರೋಗ, ರಕ್ತದೊತ್ತಡ, ಥೈರಾಯ್ಡ್ ಗ್ರಂಥಿಯ ಅತಿಸ್ರಾವ, ಮದ್ಯಪಾನ ಇದಕ್ಕೆ ಕಾರಣವಾಗಬಲ್ಲವು. ಇದರಲ್ಲಿ ಹೃತ್ಕರ್ಣದೊಳಗೆ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳನ್ನು ಸೇರಿದರೆ ಪಾರ್ಶ್ವವಾಯು ಉಂಟಾಗುತ್ತದೆ. ಹೃತ್ಕುಕ್ಷಿಯೇ ಹೀಗೆ ಅದುರಿದರೆ ರಕ್ತಸಂಚಾರ ನಿಂತು, ಕೂಡಲೇ ಚಿಕಿತ್ಸೆ ದೊರೆಯದಿದ್ದರೆ ನಿಮಿಷಗಳಲ್ಲಿ ಸಾವು.

ಚಿಕಿತ್ಸೆಯ ಒಂದು ದಾರಿಯನ್ನು ತೋರಿಸಿದವನು ರೋಗಿಯೇ. ಹೃತ್ಕರ್ಣದ ಅದುರುವಿಕೆಯಿಂದ ಬಳಲುತ್ತಿದ್ದ ಡಚ್ ವರ್ತಕನೊಬ್ಬನು, ಒಂದು ಗ್ರಾಂ ಕ್ವಿನೈನ್ ಸೇವಿಸಿದರೆ ತನ್ನ ನಾಡಿ ಸರಿಹೋಗುವುದೆಂದು 1912ರಲ್ಲಿ ವೈದ್ಯ ಕರೆಲ್ ವೆಂಕೆಬಾಕ್ ಅವರಿಗೆ ತಿಳಿಸಿದನು. ವೈದ್ಯರು ನಂಬಲಿಲ್ಲ. ಮರುದಿನ ಆತನು ತಾಳ ಸರಿಯಾದ ನಾಡಿಯೊಡನೆ ಬಂದು ಕೈ ನೀಡಿದನು. ವೆಂಕೆಬಾಕ್ ಇದನ್ನು 1914ರಲ್ಲಿ ದಾಖಲಿಸಿದರು. 1918ರಲ್ಲಿ ವಾಲ್ಟರ್ ಫ್ರೈ, ಕ್ವಿನೈನಿನ ಸಂಬಂಧಿಯಾದ ಕ್ವಿನಿಡಿನ್ ಇನ್ನೂ ಪರಿಣಾಮಕಾರಿಯೆಂದು ತೋರಿಸಿದರು. ಆ ಔಷಧವೂ ಕೆಲವರಲ್ಲಿ ಮಾರಕವಾದ ತಾಳಭಂಗವನ್ನು ತರಬಲ್ಲದೆಂಬುದು ಅನಂತರ ತಿಳಿಯಿತು.

ಶಾರ್ಙ್ಗಧರನ ಎಚ್ಚರಿಕೆ ಹುಸಿಯಲ್ಲ. ತಾಳ ತಪ್ಪಿದ ನಾಡಿಗಳಲ್ಲಿ ಕೆಲವು ಇಂದಿಗೂ ಪ್ರಾಣಹಾರಿಗಳೇ. ಆದರೆ ಯಾವುದು ಮಾರಕ, ಯಾವುದು ನಿರಪಾಯಕರ ಎಂದು ಬೇರ್ಪಡಿಸುವ ಸಾಧನ ಆತನ ಕೈಯಲ್ಲಿರಲಿಲ್ಲ.