ಬಂದೂಕಿನ ಮೈಮೇಲಿನ ಅಕ್ಷರಗಳು

ಶಿಡ್ಲಘಟ್ಟವೆಂದರೆ ರೇಷ್ಮೆಗೂಡು, ಚಿಂತಾಮಣಿಯೆಂದರೆ ಟೊಮೆಟೊ, ಚಿಕ್ಕಬಳ್ಳಾಪುರವೆಂದರೆ ದ್ರಾಕ್ಷಿ ಮತ್ತು ಹೂವು. ಈ ಸೀಮೆಯ ಹೆಸರು ಹೇಳಿದರೆ ಬಂದೂಕು ಯಾರಿಗೂ ನೆನಪಾಗುವುದಿಲ್ಲ. ಆದರೆ ಇದೇ ಮಣ್ಣಿನಲ್ಲಿ, ಟಿಪ್ಪುವಿನ ಕಾವಲಿದ್ದ ನಂದಿದುರ್ಗವನ್ನು ಕಾರ್ನ್‌ವಾಲಿಸನ ಸೇನೆ 1791ರ ಅಕ್ಟೋಬರ್‌ನಲ್ಲಿ ತೋಪು ಹಾರಿಸಿ ಗೆದ್ದುಕೊಂಡಿತು. 147 ವರ್ಷಗಳ ನಂತರ, 1938ರ ಏಪ್ರಿಲ್ 25ರಂದು, ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಈ ಎರಡು ದಿನಗಳ ನಡುವೆ ನಮ್ಮ ನಾಡಿನಲ್ಲಿ ಎಷ್ಟೋ ಬಗೆಯ ಬಂದೂಕುಗಳು ಬಂದವು, ಕೈ ಬದಲಿಸಿದವು, ಕೊನೆಗೆ ಹಳೆಯದಾಗಿ ಅಟ್ಟವನ್ನೋ ಗುಜರಿಯನ್ನೋ ಸೇರಿದವು.

ಹಳೆಯ ಬಂದೂಕು ಎಲ್ಲಿಯದು, ಯಾರದು ಎಂಬುದನ್ನು ಅದರ ಮೈಮೇಲಿನ ಮುದ್ರೆಗಳೇ ಹೇಳುತ್ತವೆ. ಓದಲು ಬಲ್ಲವರು ಬೇಕು, ಅಷ್ಟೆ.

ಟಿಪ್ಪು ಸುಲ್ತಾನರ ಕಾರ್ಖಾನೆಗಳ ಬಂದೂಕುಗಳನ್ನೇ ತೆಗೆದುಕೊಳ್ಳೋಣ. ಅವುಗಳ ಲೋಹದ ಮೇಲೆ ಹುಲಿಯ ಮೈಪಟ್ಟೆಯಂತಹ 'ಬಬ್ರಿ' ಗುರುತು ಇರುತ್ತದೆ. 'ಹೈದರ್' ಎಂಬ ಹೆಸರಿನ ಮುದ್ರೆ ಇರುತ್ತದೆ. ಕೆಲವು ಆಯುಧಗಳಲ್ಲಿ 'ಅಸದುಲ್ಲಾಹಿಲ್ ಗಾಲಿಬ್' ಎಂಬ ಅರಬಿ ಅಕ್ಷರಗಳನ್ನೇ ಹುಲಿಯ ಮುಖವಾಗುವಂತೆ ಹೆಣೆದಿರುತ್ತಾರೆ. ಶ್ರೀರಂಗಪಟ್ಟಣವನ್ನು 'ಪಟನ್' ಎಂದು ಬರೆದು, ಅಸದ್ ಖಾನ್ ಮುಹಮ್ಮದ್‌ರಂತಹ ಕುಶಲಕರ್ಮಿಯ ಹೆಸರನ್ನೂ ಕೆತ್ತಿರುವುದುಂಟು. ದೊರೆಯ ಬಂದೂಕಿನ ಮೇಲೆ ಕಮ್ಮಾರನ ಹೆಸರು ಇರುವುದು ಸಣ್ಣ ಮಾತಲ್ಲ.

ಇಲ್ಲಿ ಒಂದು ತೊಡಕಿದೆ. ಬಂದೂಕಿನ ಮೇಲೆ 1222 ಎಂಬ ಇಸವಿ ಇದೆ ಎಂದಿಟ್ಟುಕೊಳ್ಳಿ. ಅದನ್ನು ಹಿಜರಿ ಎಂದು ಓದಿದರೆ ಕ್ರಿ.ಶ. 1807 ಆಗುತ್ತದೆ. ಟಿಪ್ಪು ಹುತಾತ್ಮರಾದದ್ದು 1799ರಲ್ಲಿ. ಹಾಗಾದರೆ ಈ ಬಂದೂಕು ಖೋಟಾ ಎಂದು ಯಾರಾದರೂ ಅವಸರದಲ್ಲಿ ತೀರ್ಪು ಕೊಟ್ಟುಬಿಡಬಹುದು. ಆದರೆ ಟಿಪ್ಪು ತಮ್ಮ ಆಳ್ವಿಕೆಯಲ್ಲಿ 'ಮೌಲೂದಿ' ಎಂಬ ಬೇರೊಂದು ಶಕೆಯನ್ನು ಜಾರಿಗೆ ತಂದಿದ್ದರು. ಅದರ ಎಣಿಕೆ ಹಿಜರತ್‌ನಿಂದಲ್ಲ, ಪ್ರವಾದಿಯವರ (ಸ) ಜನನದಿಂದ. ಆ ಲೆಕ್ಕದಲ್ಲಿ 1222 ಎಂದರೆ ಕ್ರಿ.ಶ. 1793-94. ಖೋಟಾ ಎನಿಸಿದ್ದು ಅಸಲಿಯಾಗುತ್ತದೆ. ಉರ್ದು-ಫಾರ್ಸಿ ಅಂಕಿಗಳನ್ನು ಓದಬಲ್ಲವರು ನಮ್ಮ ಮನೆಗಳಲ್ಲೇ ಕಡಿಮೆಯಾಗುತ್ತಿರುವಾಗ ಇಂತಹ ಸಾಕ್ಷ್ಯಗಳನ್ನು ನಾಳೆ ಓದುವವರು ಯಾರು ಎಂಬ ಪ್ರಶ್ನೆ ನಮ್ಮನ್ನು ಕಾಡುತ್ತದೆ.

ಎದುರು ಪಾಳೆಯದ ಬಂದೂಕಿಗೂ ತನ್ನದೇ ಲಿಪಿಯಿದೆ. ಈಸ್ಟ್ ಇಂಡಿಯಾ ಕಂಪನಿಯ ಮಸ್ಕೆಟ್‌ಗಳ ಮೇಲೆ ಹೃದಯದಾಕಾರದ ಮುದ್ರೆಯೊಳಗೆ ವಿ, ಇ, ಐ, ಸಿ ಎಂಬ ಇಂಗ್ಲಿಷ್ ಅಕ್ಷರಗಳಿರುತ್ತವೆ. ವ್ಯಾಪಾರಿ ತನ್ನ ಮೂಟೆಗೆ ಒತ್ತುವ ಮುದ್ರೆಯದು. ಮೂಟೆಗೂ ಬಂದೂಕಿಗೂ ಒಂದೇ ಗುರುತು ಒತ್ತಿದವರು ನಮ್ಮನ್ನು ಆಳಿದರು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಪುಸ್ತಕ ಹೇಳೀತು? 19ನೇ ಶತಮಾನದಲ್ಲಿ ಈ ಹೃದಯದ ಜಾಗಕ್ಕೆ ಕಿರೀಟ ಹಿಡಿದು ನಿಂತ ಸಿಂಹ ಬಂತು.

ಇನ್ನು ನಮ್ಮ ಹಿರಿಯರು 'ತ್ರೀ ನಾಟ್ ತ್ರೀ' ಎಂದು ಕರೆಯುತ್ತಿದ್ದ ಲೀ-ಎನ್‌ಫೀಲ್ಡ್ ರೈಫಲ್. ಅದರ ಬೋಲ್ಟಿನ ಹಿಡಿಯ ಕೆಳಗೆ, ಮರದ ಹಿಂಭಾಗ ಸೇರುವ ಕಬ್ಬಿಣದ ಕೊರಳಿನಲ್ಲಿ ಅದರ ಜಾತಕವೇ ಇರುತ್ತದೆ: ಕಿರೀಟ, ಕಾರ್ಖಾನೆಯ ಹೆಸರು, ವರ್ಷ, ಮಾದರಿ. ಎನ್‌ಫೀಲ್ಡ್ ಎಂದಿದ್ದರೆ ಇಂಗ್ಲೆಂಡಿನದು, ಲಿತ್‌ಗೋ ಎಂದಿದ್ದರೆ ಆಸ್ಟ್ರೇಲಿಯಾದ್ದು, ಇಷಾಪುರ ಎಂದಿದ್ದರೆ ಬಂಗಾಳದ ನಮ್ಮದೇ ಕಾರ್ಖಾನೆಯದು. ಬ್ರಿಟಿಷರ ಕಾಲದ ಇಷಾಪುರದ ರೈಫಲ್ ಮೇಲೆ 'ಜಿ.ಆರ್.ಐ.', ಅಂದರೆ ದೊರೆಯೂ ಚಕ್ರವರ್ತಿಯೂ ಆದ ಜಾರ್ಜ್ ಎಂಬ ಗುರುತಿರುತ್ತದೆ. ಸ್ವಾತಂತ್ರ್ಯದ ನಂತರ ಕಿರೀಟ ಹೋಗಿ ಅಶೋಕನ ಸಿಂಹಗಳು ಬಂದವು. 1962ರ ಚೀನಾ ಯುದ್ಧದ ಬಳಿಕ ಅದೇ ಕಾರ್ಖಾನೆ 7.62 ಮಿ.ಮೀ. ಗುಂಡಿನ ರೈಫಲ್ ಮಾಡಿತು. ಅದನ್ನು ಚೌಕಾಕಾರದ ಮ್ಯಾಗಝಿನ್‌ನಿಂದಲೇ ಗುರುತಿಸಬಹುದು. ಪೊಲೀಸರಿಗೂ ಜೈಲು ಕಾವಲುಗಾರರಿಗೂ ಕೊಡಲೆಂದು ಹಳೆಯ ರೈಫಲ್‌ಗಳನ್ನು ಒಂದೊಂದೇ ಗುಂಡಿನ .410 ಮಸ್ಕೆಟ್‌ಗಳಾಗಿ ಬದಲಾಯಿಸಿದ್ದೂ ಉಂಟು. ಜನರು ಕಸಿದುಕೊಂಡರೂ ಸೇನೆಯ ಗುಂಡು ಅದರಲ್ಲಿ ಹಾರಬಾರದು ಎಂಬುದು ಆಳುವವರ ಮುಂಜಾಗ್ರತೆ.

ನಕಲಿಗಳೂ ಇವೆ. ಖೈಬರ್ ಕಣಿವೆಯ ಕಮ್ಮಾರರು ಕೈಯಲ್ಲೇ ಮಾಡಿದ ರೈಫಲ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳು ತಿರುವುಮುರುವಾಗಿರುತ್ತವೆ. 1901ರಲ್ಲಿ ತೀರಿಕೊಂಡ ವಿಕ್ಟೋರಿಯಾ ರಾಣಿಯ ಮುದ್ರೆಯ ಕೆಳಗೆ ಅದರ ನಂತರದ ಇಸವಿ ಕಂಡರೆ ನಕಲು ಎಂದು ತಿಳಿಯಬೇಕು. ಅಸಲಿಯಾದರೆ ಬೋಲ್ಟು, ನಳಿಗೆ, ಮೂತಿಯ ಸಂಖ್ಯೆಗಳು ಒಂದೇ ಆಗಿದ್ದಷ್ಟೂ ಬೆಲೆ ಹೆಚ್ಚು. ಮುದ್ರೆಯನ್ನು ಉಜ್ಜಿ ಹೊಳಪು ಕೊಟ್ಟರೆ ಬೆಲೆಯೂ ಹೋಯಿತು, ಸಾಕ್ಷ್ಯವೂ ಹೋಯಿತು.

ಬೆಲೆ ಎಷ್ಟು? 2003ರಲ್ಲಿ ಕಠ್ಮಂಡುವಿನ ಹಳೆಯ ಅರಮನೆಯೊಂದರಲ್ಲಿ ಕೊಳೆಯುತ್ತಿದ್ದ ನೇಪಾಳ ಸೇನೆಯ ಸಾವಿರಾರು ಬಂದೂಕುಗಳನ್ನು ಅಮೆರಿಕದ ವ್ಯಾಪಾರಿಗಳು ಒಟ್ಟಿಗೆ ಕೊಂಡು, ಸಂಗ್ರಾಹಕರಿಗೆ ಬಿಡಿಬಿಡಿಯಾಗಿ ಮಾರಿದರು. 2019ರಲ್ಲಿ ಇಂಗ್ಲೆಂಡಿನ ಹರಾಜಿನಲ್ಲಿ ಟಿಪ್ಪುವಿನ ಬೆಳ್ಳಿ ಕಟ್ಟಿನ ಬಂದೂಕು 60,000 ಪೌಂಡಿಗೆ ಹೋಯಿತು. 2023ರಲ್ಲಿ ಅವರ ಶಯನಗೃಹದ ಖಡ್ಗ 1.4 ಕೋಟಿ ಪೌಂಡಿಗೆ ಮಾರಾಟವಾಯಿತು. ಲೂಟಿಯಾಗಿ ಹೋದದ್ದಕ್ಕೆ ಲೂಟಿಯಾದ ಊರಿನಲ್ಲಿ ಬೆಲೆಯಿಲ್ಲ, ಲಂಡನ್ನಿನಲ್ಲಿದೆ.

ಆದರೆ ನಮ್ಮ ದೇಶದಲ್ಲಿ ಈ ಬೆಲೆಗಳನ್ನು ನಂಬಿ ಯಾರೂ ಹೆಜ್ಜೆ ಇಡಬಾರದು. ಸೇನೆಯ ಗುಂಡಾದ .303 ಇಲ್ಲಿ ನಿಷೇಧಿತ ವರ್ಗದ್ದು. ಪರವಾನಗಿ ಇಲ್ಲದೆ ಇಟ್ಟುಕೊಂಡರೆ ವರ್ಷಗಟ್ಟಲೆ ಜೈಲು. 1959ರ ಶಸ್ತ್ರಾಸ್ತ್ರ ಕಾಯ್ದೆಯ ವಿನಾಯಿತಿ, ದುರಸ್ತಿ ಮಾಡಿದರೂ ಹಾರದ ಪುರಾತನ ಆಯುಧಕ್ಕೆ ಮಾತ್ರ. ನೂರು ವರ್ಷ ದಾಟಿದ ವಸ್ತುವಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯಿಸುತ್ತದೆ, ವಿದೇಶಕ್ಕೆ ಸಾಗಿಸುವಂತಿಲ್ಲ. ಅಜ್ಜನ ಕಾಲದ ಬಂದೂಕು ಅಟ್ಟದಲ್ಲಿ ಸಿಕ್ಕಿದರೆ ಗುಜರಿಗೆ ಹಾಕಬೇಡಿ, ಬಚ್ಚಿಡಲೂ ಬೇಡಿ. ತಿಳಿದ ವಕೀಲರೊಬ್ಬರನ್ನು ಜೊತೆಗಿಟ್ಟುಕೊಂಡು ಪೊಲೀಸರಿಗೆ ತಿಳಿಸಿ, ವಸ್ತುಸಂಗ್ರಹಾಲಯದ ದಾರಿ ಕೇಳಿ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಟಿಪ್ಪು ಕಾಲದ ರಾಕೆಟ್‌ಗಳು ದೊರೆತಾಗ ಅವು ಪುರಾತತ್ವ ಇಲಾಖೆಯ ಕೈಸೇರಿದ್ದರಿಂದಲೇ ಇಂದು ನಾಡಿನ ಆಸ್ತಿಯಾಗಿ ಉಳಿದಿವೆ.

ಕೊನೆಗೆ ವಿದುರಾಶ್ವತ್ಥದ ಮಾತು. ಸತ್ತವರು ಸುಮಾರು ಹತ್ತು ಮಂದಿ ಎಂದಿತು ಸರ್ಕಾರ; ಮೂವತ್ತೆರಡು ಎಂದರು ಜನ. ಆ ಸಾವುಗಳ ಒತ್ತಡದಲ್ಲೇ 1938ರ ಮೇ ತಿಂಗಳಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲರ ನಡುವೆ ಒಪ್ಪಂದವಾಗಿ, ಮೈಸೂರು ಕಾಂಗ್ರೆಸ್ಸಿಗೂ ಅದರ ಧ್ವಜಕ್ಕೂ ಮಾನ್ಯತೆ ಸಿಕ್ಕಿತು. ಅಂದು ಹಾರಿದ ಬಂದೂಕುಗಳಿಗೆ ಸಂಖ್ಯೆಯಿತ್ತು, ಇಸವಿಯಿತ್ತು, ಕಾರ್ಖಾನೆಯ ಹೆಸರಿತ್ತು. ಒಂದೊಂದಕ್ಕೂ ದಫ್ತರದಲ್ಲಿ ಲೆಕ್ಕವಿತ್ತು. ಎದುರಿಗೆ ನಿಂತವರ ಲೆಕ್ಕ ಮಾತ್ರ ಇಂದಿಗೂ ಎರಡು. ಬಂದೂಕಿನ ಬೆಲೆ ಕಟ್ಟುವವರು ಈ ಲೆಕ್ಕವನ್ನೂ ಒಮ್ಮೆ ಕೂಡಿ ನೋಡಲಿ ಎಂಬುದಷ್ಟೇ ನಮ್ಮ ವಿನಂತಿ.